ಅಣ್ಣನಿಗೆ ಆಪರೇಶನ್, ತಮ್ಮನಿಗೆ ಸುದ್ದಿಯಿಲ್ಲ

ಹೊರನಾಡಿನ ಕನ್ನಡ ಸಂಘ ಎಂದಮೇಲೆ ವರ್ಷಕ್ಕೊಂದು ಆರೋಗ್ಯ ತಪಾಸಣಾ ಶಿಬಿರ ಇದ್ದೇ ಇರುತ್ತದೆ. ದೀಪ ಬೆಳಗುವುದು, ಅಧ್ಯಕ್ಷರ ನಾಲ್ಕು ಮಾತು, ರಕ್ತದೊತ್ತಡ, ಸಕ್ಕರೆ, ಕಣ್ಣು, ಕೊನೆಗೆ ಉಪ್ಪಿಟ್ಟು ಕೇಸರಿಭಾತು. ಇದನ್ನು ಗೇಲಿ ಮಾಡಲು ನಾವು ಹೊರಟವರಲ್ಲ. ಇಂಥ ಶಿಬಿರದಲ್ಲೇ ಕಾಯಿಲೆ ಪತ್ತೆಯಾಗಿ ಇಂದು ಸುಖವಾಗಿರುವವರು ನಮ್ಮ ನಿಮ್ಮ ನಡುವೆ ಇದ್ದಾರೆ. ನಮ್ಮ ತಕರಾರು ಬೇರೆ. ಸಾಲುಗಟ್ಟಿ ನಿಂತವರ ತೋಳಿಗೆಲ್ಲ ಪಟ್ಟಿ ಸುತ್ತುವ ನಾವು, ಅವರಲ್ಲಿ ಒಬ್ಬರನ್ನಾದರೂ ಕೂರಿಸಿಕೊಂಡು, “ನಿಮ್ಮ ತಂದೆತಾಯಿಗಳಿಗೆ, ಅಣ್ಣತಮ್ಮಂದಿರಿಗೆ, ಅಕ್ಕತಂಗಿಯರಿಗೆ ಏನೇನು ಕಾಯಿಲೆ ಇತ್ತು? ಯಾವುದಕ್ಕೆ ಆಪರೇಶನ್ ಆಯಿತು?” ಎಂದು ಕೇಳುವುದಿಲ್ಲ. ಈ ಪ್ರಶ್ನೆಗೆ ಯಂತ್ರ ಬೇಡ, ಸೂಜಿ ಬೇಡ, ದಾನಿಗಳ ದೇಣಿಗೆಯೂ ಬೇಡ. ಆದರೂ ಕೇಳುವುದಿಲ್ಲ.

ಕೇಳದೆ ಇರುವುದರಿಂದ ಪ್ರಾಣ ಹೋಗುವುದುಂಟೆ? ಹೋಗುವುದುಂಟು. ಹೊಟ್ಟೆಯೊಳಗಿನ ಮಹಾಧಮನಿ ಉಬ್ಬುವ ಕಾಯಿಲೆ ಅಂಥದು. ಡಾಕ್ಟರರು ಅಯೋರ್ಟಿಕ್ ಅನ್ಯೂರಿಸಮ್ ಎನ್ನುತ್ತಾರೆ. ನಾವು ವೈದ್ಯರಲ್ಲ; ಕೇಂದ್ರ ಸರ್ಕಾರದ ಕಚೇರಿಯಲ್ಲಿ ಕಡತ ಸರಿಸುವ ಗುಮಾಸ್ತರು. ಎಂದೋ ಓದಿದ ಬಿ.ಎಸ್‌ಸಿ.ಯ ಬಲದಿಂದ ತಿಳಿದುಕೊಂಡಷ್ಟನ್ನು ಇಲ್ಲಿ ಒಪ್ಪಿಸುತ್ತಿದ್ದೇವೆ.

ಹೃದಯದಿಂದ ಹೊರಟ ದೊಡ್ಡ ರಕ್ತನಾಳ ಬೆನ್ನೆಲುಬಿಗೆ ಅಂಟಿಕೊಂಡಂತೆ ಹೊಟ್ಟೆಗೆ ಇಳಿದು, ಹೊಕ್ಕುಳಿನ ಮಟ್ಟದಲ್ಲಿ ಎರಡು ಕವಲಾಗಿ ಕಾಲುಗಳ ಕಡೆಗೆ ಹೋಗುತ್ತದೆ. ಹೊಟ್ಟೆಯ ಭಾಗದಲ್ಲಿ ಅದರ ಅಡ್ಡಳತೆ ಸುಮಾರು 2 ಸೆಂಟಿಮೀಟರ್. ಕೆಲವರಲ್ಲಿ, ಹೆಚ್ಚಾಗಿ ಅರುವತ್ತು ದಾಟಿದ ಮೇಲೆ, ಮೂತ್ರಪಿಂಡಗಳ ಕೆಳಗಡೆ ಅದರ ಗೋಡೆ ಸಡಿಲಗೊಂಡು ಉಬ್ಬತೊಡಗುತ್ತದೆ. 3 ಸೆಂಟಿಮೀಟರ್ ಮುಟ್ಟಿದರೆ ಕಾಯಿಲೆ ಎಂದು ಲೆಕ್ಕ. ಭೌತಶಾಸ್ತ್ರ ಓದಿದವರಿಗೆ ಲಾಪ್ಲಾಸನ ನಿಯಮ ನೆನಪಿರಬಹುದು. ಒಳಗಿನ ಒತ್ತಡ ಅಷ್ಟೇ ಇದ್ದರೂ ಕೊಳವೆ ಅಗಲವಾದಷ್ಟೂ ಗೋಡೆಯ ಮೇಲಿನ ಬಿಗಿತ ಹೆಚ್ಚುತ್ತ ಹೋಗುತ್ತದೆ. ಆದ್ದರಿಂದ ಒಮ್ಮೆ ಉಬ್ಬಿದ್ದು ಮತ್ತಷ್ಟು ಉಬ್ಬುವುದಕ್ಕೆ ತಾನೇ ದಾರಿ ಮಾಡಿಕೊಳ್ಳುತ್ತದೆ. ನೋವಿಲ್ಲ, ಜ್ವರವಿಲ್ಲ, ಹಸಿವು ನಿದ್ದೆ ಎಲ್ಲ ಸರಿ. ಒಂದು ದಿನ ಒಡೆಯುತ್ತದೆ. ಒಡೆದವರಲ್ಲಿ ಹತ್ತಕ್ಕೆ ಎಂಟು ಮಂದಿ ಉಳಿಯುವುದಿಲ್ಲ. ಅನೇಕರು ಆಸ್ಪತ್ರೆಯ ಬಾಗಿಲನ್ನೂ ಕಾಣುವುದಿಲ್ಲ.

ಮಹಾ ಮೇಧಾವಿ ಐನ್‌ಸ್ಟೈನ್ ತೀರಿಕೊಂಡದ್ದು ಇದರಿಂದಲೇ. 1948ರಲ್ಲಿ ರುಡಾಲ್ಫ್ ನಿಸ್ಸೆನ್ ಎಂಬ ಶಸ್ತ್ರವೈದ್ಯರು ನ್ಯೂಯಾರ್ಕಿನಲ್ಲಿ ಅವರ ಹೊಟ್ಟೆ ತೆರೆದು, ಉಬ್ಬಿದ ನಾಳಕ್ಕೆ ಸೆಲೋಫೇನ್ ಹಾಳೆ ಸುತ್ತಿದರು. ಆಗ ಅದಕ್ಕಿಂತ ಹೆಚ್ಚಿನ ಉಪಾಯ ಇರಲಿಲ್ಲ. ಆರು ವರ್ಷಕ್ಕೂ ಹೆಚ್ಚು ಕಾಲ ತಡೆಯಿತು. 1955ರ ಏಪ್ರಿಲಿನಲ್ಲಿ ಒಡೆಯಿತು. ಇನ್ನೊಂದು ಶಸ್ತ್ರಕ್ರಿಯೆ ಬೇಡವೆಂದರು, 18ರಂದು ಕಣ್ಮುಚ್ಚಿದರು. ಅಷ್ಟರಲ್ಲಿ, 1951ರಲ್ಲೇ, ಪ್ಯಾರಿಸ್ಸಿನ ಚಾರ್ಲ್ಸ್ ದ್ಯೂಬೊ ಕೆಟ್ಟ ಭಾಗವನ್ನು ಕತ್ತರಿಸಿ ಬೇರೆ ನಾಳವನ್ನು ಜೋಡಿಸಿ ತೋರಿಸಿದ್ದರು. 1990ರಲ್ಲಿ ಅರ್ಜೆಂಟೀನಾದ ಹ್ವಾನ್ ಪಾರೋದಿ ಹೊಟ್ಟೆ ಕೊಯ್ಯದೆ, ತೊಡೆಸಂದಿನ ನಾಳದ ಮೂಲಕವೇ ಒಳಗೊಂದು ಕೊಳವೆ ಕೂರಿಸಿದರು. ಇವೆರಡೂ ಇಂದು ನಮ್ಮ ದೊಡ್ಡ ಊರುಗಳ ಆಸ್ಪತ್ರೆಗಳಲ್ಲಿ ನಡೆಯುತ್ತವೆ. ಒಡೆಯುವುದಕ್ಕೆ ಮೊದಲು, ದಿನ ಗೊತ್ತುಮಾಡಿಕೊಂಡು ಮಾಡಿಸಿಕೊಂಡವರಲ್ಲಿ ಬಹುಪಾಲು ಮಂದಿ ನಡೆದುಕೊಂಡೇ ಮನೆಗೆ ಬರುತ್ತಾರೆ. ಅಂದಮೇಲೆ ಬದುಕುವುದೂ ಸಾಯುವುದೂ ಮುಂಚಿತವಾಗಿ ಗೊತ್ತಿತ್ತೇ ಇಲ್ಲವೇ ಎಂಬ ಒಂದೇ ಮಾತಿನ ಮೇಲೆ ನಿಂತಿದೆ.

ಗೊತ್ತುಮಾಡಿಕೊಳ್ಳುವುದು ಕಷ್ಟವೇನಲ್ಲ. ಖಾಲಿ ಹೊಟ್ಟೆಯಲ್ಲಿ ಹೋಗಿ ಮಲಗಿದರೆ ಹತ್ತು ನಿಮಿಷದ ಅಲ್ಟ್ರಾಸೌಂಡ್. ವಿಕಿರಣವಿಲ್ಲ, ಚುಚ್ಚುವುದಿಲ್ಲ. ಆದರೆ ಯಾರಿಗೆ ಮಾಡಿಸಬೇಕು?

ಈ ಕಾಯಿಲೆಗೆ ಮುಖ್ಯ ಕಾರಣ ಧೂಮಪಾನ. ಸಿಗರೇಟು ಮಾತ್ರವೆಂದು ತಿಳಿದು ಬೀಡಿ ಸೇದುವವರು ಸಮಾಧಾನ ಪಡಬೇಕಾಗಿಲ್ಲ. ವಯಸ್ಸು, ಗಂಡಸಾಗಿರುವುದು, ರಕ್ತದೊತ್ತಡ ಇವೂ ಸೇರುತ್ತವೆ. ಇಷ್ಟನ್ನು ಎಲ್ಲರೂ ಹೇಳುತ್ತಾರೆ. ಹೇಳದೆ ಬಿಡುವುದು ರಕ್ತಸಂಬಂಧದ ಮಾತು. 1977ರಲ್ಲೇ ಬ್ರಿಟನ್ನಿನ ಒಂದು ಶಸ್ತ್ರವೈದ್ಯ ಪತ್ರಿಕೆಯಲ್ಲಿ ಒಂದೇ ಮನೆಯ ಮೂವರು ಸಹೋದರರಿಗೆ ಈ ಉಬ್ಬು ಬಂದಿದ್ದ ವರದಿ ಪ್ರಕಟವಾಯಿತು. ಅಲ್ಲಿಂದೀಚೆಗೆ ಸ್ವೀಡನ್ನಿನವರು ತಮ್ಮ ದೇಶದ ದಾಖಲೆಗಳನ್ನೆಲ್ಲ ಜಾಲಾಡಿ, ರೋಗಿಯ ತಂದೆತಾಯಿ, ಒಡಹುಟ್ಟಿದವರು, ಮಕ್ಕಳು ಇವರಿಗೆ ಅಪಾಯ ಸುಮಾರು ಎರಡು ಪಟ್ಟು ಎಂದು 2009ರಲ್ಲಿ ತೋರಿಸಿದರು. ಅವಳಿಜವಳಿಗಳನ್ನು ಹೋಲಿಸಿ ನೋಡಿದ ಅವರದೇ ಇನ್ನೊಂದು ಅಧ್ಯಯನದಲ್ಲಿ, ಈ ಕಾಯಿಲೆ ಬರುವ ಬಾರದಿರುವ ವ್ಯತ್ಯಾಸದಲ್ಲಿ ನೂರಕ್ಕೆ ಎಪ್ಪತ್ತರಷ್ಟು ಪಾಲು ವಂಶವಾಹಿಗಳದೆಂದು ಕಂಡುಬಂತು.

ಇಲ್ಲಿ ವಂಶ ಎಂದರೆ ಯಾವ ವಂಶ ಎಂಬುದನ್ನು ಬಿಡಿಸಿ ಹೇಳುವುದು ಅಗತ್ಯ. ನಮ್ಮಲ್ಲಿ ಕೆಲವರಿಗೆ ವಂಶವೆಂದರೆ ಗೋತ್ರ. ಮದುವೆಯಾಗಿ ಹೋದ ಮಗಳು ಬೇರೆ ಗೋತ್ರಕ್ಕೆ ಸೇರಿದಳು, ಮುಗಿಯಿತು. ತುಳುನಾಡಿನಲ್ಲಿ ಅಳಿಯಸಂತಾನದ ಕಾಲಕ್ಕೆ ಆಸ್ತಿ ಸೋದರಮಾವನಿಂದ ಸೋದರಳಿಯನಿಗೆ ಇಳಿಯುತ್ತಿತ್ತು. ರಕ್ತನಾಳದ ಗೋಡೆ ಈ ಎರಡು ಕಟ್ಟಳೆಗಳನ್ನೂ ಓದಿಲ್ಲ. ಅದಕ್ಕೆ ಮಗನೂ ಒಂದೇ, ಮಗಳೂ ಒಂದೇ. ತಂದೆಯ ಕಡೆಯೂ ಒಂದೇ, ತಾಯಿಯ ಕಡೆಯೂ ಒಂದೇ. ಇನ್ನು ನಮ್ಮಂಥ ಕೇಂದ್ರ ಸರ್ಕಾರಿ ನೌಕರರ ಆರೋಗ್ಯ ಯೋಜನೆಯಲ್ಲಿ ‘ಕುಟುಂಬ’ ಎಂದರೆ ನಮ್ಮನ್ನು ಅವಲಂಬಿಸಿದವರು. ರಕ್ತ ಹಂಚಿಕೊಳ್ಳದ ಹೆಂಡತಿ ಕಾರ್ಡಿನಲ್ಲಿದ್ದಾಳೆ, ಇರಬೇಕಾದದ್ದೇ. ರಕ್ತ ಹಂಚಿಕೊಂಡು ಗದಗಿನಲ್ಲೋ ಕುಂದಾಪುರದಲ್ಲೋ ಸ್ವಂತ ಕಾಲಮೇಲೆ ನಿಂತಿರುವ ಅಣ್ಣ ಕಾರ್ಡಿನಲ್ಲಿಲ್ಲ. ಯೋಜನೆಯವರದು ತಪ್ಪೆನ್ನುತ್ತಿಲ್ಲ; ಖರ್ಚಿನ ಲೆಕ್ಕಕ್ಕೆ ಆ ವ್ಯಾಖ್ಯೆ ಸರಿ. ಕಾಯಿಲೆಯ ಲೆಕ್ಕಕ್ಕೆ ಅದು ತಲೆಕೆಳಗು.

ಹೊರದೇಶಗಳವರು ಏನು ಮಾಡಿದರು? ಇಂಗ್ಲೆಂಡಿನಲ್ಲಿ 65ರಿಂದ 74 ವಯಸ್ಸಿನ 67,800 ಗಂಡಸರನ್ನು ಎರಡು ಪಾಲು ಮಾಡಿ, ಒಂದು ಪಾಲಿನವರನ್ನು ಸ್ಕ್ಯಾನಿಗೆ ಕರೆದು ನೋಡಿದರು. ನಾಲ್ಕು ವರ್ಷಗಳಲ್ಲಿ ಈ ಕಾಯಿಲೆಯ ಸಾವು ಕರೆದವರಲ್ಲಿ ನೂರಕ್ಕೆ 42ರಷ್ಟು ಇಳಿದಿತ್ತು. ಆ ಫಲಿತಾಂಶ 2002ರಲ್ಲಿ ಬಂತು. 2009ರಿಂದ ಅಲ್ಲಿ 65 ತುಂಬಿದ ಗಂಡಸರಿಗೆ ಸರ್ಕಾರವೇ ಕಾಗದ ಹಾಕಿ ಕರೆಯತೊಡಗಿತು. ಒಳ್ಳೆಯದೇ. ಆದರೆ ಆ ಕಾಗದ ರೋಗಿಯ ತಂಗಿಗೆ ಹೋಗುವುದಿಲ್ಲ. ಹೆಂಗಸರಲ್ಲಿ ಈ ಕಾಯಿಲೆ ಬಹಳ ಕಡಿಮೆ, ಆದ್ದರಿಂದ ಎಲ್ಲ ಹೆಂಗಸರನ್ನೂ ಕರೆದು ನೋಡಿ ಪ್ರಯೋಜನವಿಲ್ಲ ಎನ್ನುತ್ತಾರೆ. ಒಪ್ಪಿದೆವು. ಆದರೆ ರೋಗಿಯ ಒಡಹುಟ್ಟಿದವಳು ‘ಎಲ್ಲ ಹೆಂಗಸರು’ ಅಲ್ಲವಷ್ಟೆ. ಮೇಲಾಗಿ, ಅದೇ ಗಾತ್ರದ ಉಬ್ಬು ಗಂಡಸಿಗಿಂತ ಹೆಂಗಸಿನಲ್ಲಿ ಒಡೆಯುವ ಸಂಭವ ಮೂರು ನಾಲ್ಕು ಪಟ್ಟು ಹೆಚ್ಚು. ಈ ವಿಷಯದಲ್ಲಿ ಅಮೆರಿಕದವರು ಸ್ವಲ್ಪ ಮೇಲು. ಅಲ್ಲಿನ ಮುದುಕರ ವಿಮೆಯಾದ ಮೆಡಿಕೇರ್, ಮನೆಯಲ್ಲಿ ಈ ಕಾಯಿಲೆ ಇದ್ದವರಿಗೆ, ಗಂಡಾಗಲಿ ಹೆಣ್ಣಾಗಲಿ, 2007ರಿಂದ ಒಂದು ಸಲದ ಸ್ಕ್ಯಾನಿನ ಖರ್ಚು ಕೊಡುತ್ತದೆ.

ಯುರೋಪಿನ ರಕ್ತನಾಳ ಶಸ್ತ್ರವೈದ್ಯರ ಸಂಘ 2019ರ ಮಾರ್ಗಸೂಚಿಯಲ್ಲಿ ಹೇಳಿತು: ರೋಗಿಯ ಹತ್ತಿರದ ರಕ್ತಸಂಬಂಧಿಗಳನ್ನು, ಹೆಣ್ಣುಗಂಡೆನ್ನದೆ, 50 ದಾಟಿದ ಮೇಲೆ ಹತ್ತು ವರ್ಷಕ್ಕೊಮ್ಮೆ ಪರೀಕ್ಷಿಸುವುದನ್ನು ‘ಪರಿಗಣಿಸಬಹುದು’. ಈ ‘ಪರಿಗಣಿಸಬಹುದು’ ಎಂಬ ಪದವನ್ನು ನಾವು ಬಲ್ಲೆವು. ಇಪ್ಪತ್ತು ವರ್ಷಗಳಿಂದ ಕಡತಗಳ ಅಂಚಿನಲ್ಲಿ ಬರೆದವರು ನಾವು. ಆ ಪದ ಬಿದ್ದ ಕಡತ ಕಪಾಟು ಸೇರಿ ಸುಖವಾಗಿ ನಿದ್ರಿಸುತ್ತದೆ. ಯಾರು ಪರಿಗಣಿಸಬೇಕು? ಡಾಕ್ಟರರಿಗೆ ಎದುರಿನ ರೋಗಿ ಮಾತ್ರ ಕಾಣುತ್ತಾನೆ. ರೋಗಿಗೆ ಬಿಲ್ಲು ಮಾತ್ರ ಕಾಣುತ್ತದೆ. ಅಣ್ಣತಮ್ಮಂದಿರು ಇಬ್ಬರ ಕಣ್ಣಿಗೂ ಬೀಳುವುದಿಲ್ಲ.

ಒಂದು ಉದಾಹರಣೆ ಕೊಡುತ್ತೇವೆ. ನಮ್ಮ ಕಚೇರಿಯಿಂದ ನಿವೃತ್ತರಾದ ಹಿರಿಯರೊಬ್ಬರು, ದಾವಣಗೆರೆ ಕಡೆಯವರು. ಪ್ರಾಸ್ಟೇಟಿನ ತೊಂದರೆಗೆಂದು ಸ್ಕ್ಯಾನ್ ಮಾಡಿಸಿದಾಗ ಆಕಸ್ಮಿಕವಾಗಿ ಮಹಾಧಮನಿ ಉಬ್ಬಿರುವುದು ಕಂಡಿತು: 6 ಸೆಂಟಿಮೀಟರ್. ಈ ಮಹಾನಗರದ ಒಂದು ದೊಡ್ಡ ಆಸ್ಪತ್ರೆಯಲ್ಲಿ ಶಸ್ತ್ರಕ್ರಿಯೆ ಆಯಿತು, ಚೆನ್ನಾಗಿಯೇ ಆಯಿತು. ಬಿಡುಗಡೆಯ ಕಾಗದಗಳನ್ನು ವೈದ್ಯಕೀಯ ವೆಚ್ಚದ ಅರ್ಜಿಗೆ ಲಗತ್ತಿಸುವ ಕೆಲಸ ನಮ್ಮ ಪಾಲಿಗೆ ಬಂದದ್ದರಿಂದ ಪ್ರತಿಯೊಂದು ಹಾಳೆಯನ್ನೂ ನಾವು ಓದಿದ್ದೇವೆ. ಯಾವ ಮಾತ್ರೆ ಎಷ್ಟು ಹೊತ್ತಿಗೆ, ಎಷ್ಟು ಭಾರ ಎತ್ತಬಾರದು, ಉಪ್ಪು ಎಷ್ಟು ಎಲ್ಲ ಇತ್ತು. ‘ಒಡಹುಟ್ಟಿದವರನ್ನೂ ಮಕ್ಕಳನ್ನೂ ಪರೀಕ್ಷಿಸಿಕೊಳ್ಳಲು ಹೇಳಿ’ ಎಂಬ ಒಂದು ಸಾಲು ಇರಲಿಲ್ಲ. ಊರಿನವರಿಗೆ ಹೋದ ಸುದ್ದಿ ‘ಅಣ್ಣನಿಗೆ ಹೊಟ್ಟೆ ಆಪರೇಶನ್ ಆಯಿತು, ಈಗ ಆರಾಮ’ ಎಂದು. ಮೂರು ವರ್ಷದ ಮೇಲೆ ಅವರ ತಮ್ಮನಿಗೆ ಒಂದು ರಾತ್ರಿ ಸೊಂಟದ ಎಡಭಾಗದಲ್ಲಿ ತಡೆಯಲಾರದ ನೋವು. ಚಿಕ್ಕ ಅಂಗಡಿ ಇಟ್ಟುಕೊಂಡಿದ್ದವರು, ನಲವತ್ತು ವರ್ಷ ಬೀಡಿ ಸೇದಿದವರು. ಮೂತ್ರಪಿಂಡದ ಕಲ್ಲೆಂದು ಇಂಜೆಕ್ಷನ್ ಕೊಟ್ಟರು. ಈ ಕಾಯಿಲೆ ಒಡೆದಾಗ ಕಲ್ಲಿನ ನೋವನ್ನೇ ಹೋಲುವುದರಿಂದ ಎಲ್ಲ ದೇಶಗಳಲ್ಲೂ ಆಗುವ ಎಡವಟ್ಟು ಇದು. ಆ ಡಾಕ್ಟರರನ್ನು ದೂರುವುದಿಲ್ಲ. ಅಣ್ಣನಿಗೆ ಏನಾಗಿತ್ತೆಂದು ತಿಳಿದಿದ್ದರೆ ಅವರೂ ಬೇರೆ ಯೋಚಿಸುತ್ತಿದ್ದರೇನೋ. ಮುಂಜಾನೆ ದೊಡ್ಡ ಆಸ್ಪತ್ರೆಗೆ ಸಾಗಿಸುವಾಗ ದಾರಿಯಲ್ಲೇ ಮುಗಿಯಿತು. ಹನ್ನೊಂದನೆಯ ದಿನಕ್ಕೆ ಇಲ್ಲಿಂದ ಹೋದ ಅಣ್ಣ ತಮ್ಮನ ಸ್ಕ್ಯಾನಿನ ಚೀಟಿ ನೋಡಿ, ತಮ್ಮ ಚೀಟಿಯಲ್ಲಿದ್ದ ಪದವೇ ಅಲ್ಲೂ ಇರುವುದನ್ನು ಕಂಡರು. ಇನ್ನೊಬ್ಬ ಸಹೋದರಿ ಹೈದರಾಬಾದಿನಲ್ಲಿದ್ದಾರೆ. ಅವರಿಗೆ ಸ್ಕ್ಯಾನ್ ಆದದ್ದು ಆ ನಂತರ. 3.4 ಸೆಂಟಿಮೀಟರ್. ಈಗ ನಿಗಾ ಇಟ್ಟಿದ್ದಾರೆ.

ಇದೇ ಊರಿನಲ್ಲಿ ಎಲ್ಲರೂ ಒಂದೇ ಹೆಂಚಿನ ಮನೆಯಲ್ಲಿದ್ದ ಕಾಲವಾಗಿದ್ದರೆ ಯಾರಿಗೆ ಏನಾಯಿತೆಂಬುದು ಅಡಿಗೆಮನೆಯಲ್ಲೇ ಇತ್ಯರ್ಥವಾಗುತ್ತಿತ್ತು. ನಾವು ಹೊಟ್ಟೆಪಾಡಿಗೆ ಹೊರಟವರು. ಒಬ್ಬ ಮುಂಬಯಿ, ಒಬ್ಬ ಪುಣೆ, ಒಬ್ಬಳು ಹೈದರಾಬಾದು, ಹಿರಿಯವನು ಊರಲ್ಲಿ ತೋಟ ನೋಡಿಕೊಂಡು. ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಬೆಳಗಾದರೆ ಗುಲಾಬಿ ಹೂವು, ಸತ್ಯನಾರಾಯಣ ಪೂಜೆಯ ಫೋಟೋ, ಮೊಮ್ಮಗುವಿನ ನಾಮಕರಣ. ಕಾಯಿಲೆಯ ಹೆಸರು ಮಾತ್ರ ಬರದು. ಶ್ರಾದ್ಧಕ್ಕೆ ಮೂರು ತಲೆಮಾರಿನ ಹೆಸರು ಬಾಯಿಪಾಠ ಬರುವವರನ್ನು ಕೇಳಿ ನೋಡಿ, ಅಜ್ಜ ಯಾವುದರಿಂದ ಹೋದರೆಂದು. “ಹೊಟ್ಟೆನೋವು ಬಂತಂತೆ, ಹೋದರಂತೆ.” ಅಷ್ಟೇ ದಾಖಲೆ.

ಬಚ್ಚಿಡುವುದಕ್ಕೆ ಕಾರಣವೂ ನಮಗೆ ಗೊತ್ತು. ಮನೆಯಲ್ಲಿ ಮದುವೆಗೆ ಬೆಳೆದ ಹೆಣ್ಣುಮಗಳಿದ್ದಾಳೆ. ‘ವಂಶದಲ್ಲಿ ಕಾಯಿಲೆ’ ಎಂಬ ಮಾತು ಹೊರಬಿದ್ದರೆ ಸಂಬಂಧ ಕುದುರುವುದಿಲ್ಲ. ಜಾತಕದ ಜೊತೆಗೆ ಈಚೆಗೆ ಸಂಬಳದ ಚೀಟಿಯನ್ನೂ ನೋಡುವ ಬೀಗರು, ಇದನ್ನೂ ಬಿಡುವವರಲ್ಲ ಎಂಬ ಅಂಜಿಕೆ ಸುಳ್ಳಲ್ಲ. ಆದರೆ ಅರುವತ್ತರ ಆಚೆಗೆ ಬರಬಹುದಾದ, ಬಂದರೆ ಹತ್ತು ನಿಮಿಷದಲ್ಲಿ ಕಾಣುವ, ಕಂಡರೆ ಸರಿಪಡಿಸಬಹುದಾದ ಕಾಯಿಲೆಗೆ ಇಪ್ಪತ್ತೈದರ ಹುಡುಗಿಯ ಮದುವೆಯನ್ನು ಅಡ್ಡ ತರುವ ಬೀಗರಿದ್ದರೆ, ಅಂಥ ಬೀಗತನ ತಪ್ಪಿದ್ದೇ ಲಾಭ. ಗುಟ್ಟು ಕಾಪಾಡಿ ಹುಡುಗಿಯ ಮದುವೆ ಉಳಿಸಬಹುದು; ಅವಳ ಚಿಕ್ಕಪ್ಪನನ್ನು ಕಳೆದುಕೊಳ್ಳಬೇಕಾದೀತು.

ವಿರುದ್ಧ ಹೇಳುವವರಿದ್ದಾರೆ. ಇದು ಬಿಳಿಯರ ಕಾಯಿಲೆ, ನಮ್ಮಲ್ಲಿ ಅಪರೂಪ ಎನ್ನುವುದು ಮೊದಲ ಮಾತು. ಬ್ರಿಟನ್ನಿನಲ್ಲೇ ನೆಲೆಸಿದ ನಮ್ಮ ಕಡೆಯ ಗಂಡಸರಲ್ಲಿ ಇದು ಅಲ್ಲಿನ ಬಿಳಿಯರಿಗಿಂತ ತೀರ ಕಡಿಮೆ ಎಂದು ಅಲ್ಲಿನವರೇ ಎಣಿಸಿ ತೋರಿಸಿದ್ದಾರೆ, ನಿಜ. ಅದಕ್ಕಾಗಿಯೇ ನಾವು ಬೀದಿಬೀದಿಗೆ ಸ್ಕ್ಯಾನ್ ಮಾಡಿಸಿ ಎನ್ನುತ್ತಿಲ್ಲ. ಎಲ್ಲರಲ್ಲೂ ಹುಡುಕುವುದು ದಂಡವಾದ ಕಡೆ, ಎಲ್ಲಿ ಒಮ್ಮೆ ಕಂಡಿದೆಯೋ ಆ ಮನೆಯಲ್ಲಿ ಹುಡುಕುವುದೇ ಜಾಣತನ. ಕಾಯಿಲೆ ಅಪರೂಪವೆಂಬ ಮಾತು ನಮ್ಮ ವಾದವನ್ನು ಬಲಪಡಿಸುತ್ತದೆಯೇ ಹೊರತು ಬೀಳಿಸುವುದಿಲ್ಲ.

ಇನ್ನು ಕೆಲವರು, ಸುಮ್ಮನಿದ್ದವನನ್ನು ಎಬ್ಬಿಸಿ ರೋಗಿ ಮಾಡುತ್ತೀರಿ, ಆಸ್ಪತ್ರೆಗಳಿಗೆ ಗಿರಾಕಿ ಹಿಡಿದುಕೊಡುತ್ತೀರಿ ಎನ್ನುತ್ತಾರೆ. ಈ ಮಾತಿಗೆ ತೂಕವಿದೆ. ಇಂದಿನ ಆಸ್ಪತ್ರೆಗಳ ಸಂಗತಿ ನಮಗೂ ತಿಳಿಯದ್ದಲ್ಲ. ಆದ್ದರಿಂದ ಒಂದು ಅಂಕಿಯನ್ನು ಗಟ್ಟಿಯಾಗಿ ನೆನಪಿಟ್ಟುಕೊಳ್ಳಬೇಕು. 4ರಿಂದ 5.5 ಸೆಂಟಿಮೀಟರಿನ ಉಬ್ಬಿಗೆ ಅವಸರದ ಶಸ್ತ್ರಕ್ರಿಯೆಯಿಂದ ಆಯುಸ್ಸು ಹೆಚ್ಚುವುದಿಲ್ಲವೆಂದು ಬ್ರಿಟನ್ನಿನ ಪ್ರಯೋಗವೊಂದು 1998ರಲ್ಲಿ ಸ್ಪಷ್ಟಪಡಿಸಿತು. ಗಂಡಸರಿಗೆ ಸಾಮಾನ್ಯವಾಗಿ 5.5, ಹೆಂಗಸರಿಗೆ 5 ಎಂಬ ಗೆರೆ ಹಾಕಿದ್ದಾರೆ. ಅದರ ಕೆಳಗಿದ್ದರೆ ಕಾಲಕಾಲಕ್ಕೆ ಅಳೆಯುವುದು, ಬೀಡಿ ಸಿಗರೇಟು ಬಿಡುವುದು, ಒತ್ತಡ ಹದ್ದಿನಲ್ಲಿಡುವುದು, ಅಷ್ಟೇ. 3.5 ಇದ್ದವರಿಗೆ ನಾಳೆಯೇ ಕೊಳವೆ ಹಾಕಿಸಿಕೊಳ್ಳಿ ಎಂದವರ ಬಳಿ ಎರಡನೆಯ ಸಲ ಹೋಗಬೇಡಿ. ಉಬ್ಬು ಬೇಗಬೇಗ ಬೆಳೆಯುತ್ತಿದ್ದರೆ, ಇಲ್ಲವೆ ನೋವಿದ್ದರೆ, ಅದರ ಮಾತು ಬೇರೆ. ಅದನ್ನು ತಜ್ಞರು ತೀರ್ಮಾನಿಸಬೇಕು.

ಮೂರನೆಯವರು ಹೇಳುತ್ತಾರೆ: ನಾವು ವರ್ಷ ವರ್ಷ ಸಾವಿರಾರು ರೂಪಾಯಿ ಕೊಟ್ಟು ಪೂರ್ತಿ ತಪಾಸಣೆ ಮಾಡಿಸುತ್ತೇವೆ, ಎಲ್ಲ ನಾರ್ಮಲ್. ಆ ವರದಿ ತೆಗೆದು ನೋಡಿ. ಲಿವರ್ ಇರುತ್ತದೆ, ಪಿತ್ತಕೋಶ ಇರುತ್ತದೆ, ಮೂತ್ರಪಿಂಡದ ಉದ್ದಗಲ ಮಿಲಿಮೀಟರಿನಲ್ಲಿ ಇರುತ್ತದೆ. ಮಹಾಧಮನಿಯ ಅಳತೆ ನಾವು ನೋಡಿದ ಬಹುಪಾಲು ವರದಿಗಳಲ್ಲಿ ಇಲ್ಲ. ಕೇಳದೆ ಯಾರೂ ಬರೆಯುವುದಿಲ್ಲ. ಸಕ್ಕರೆ ನಾರ್ಮಲ್ ಎಂದು ನಿಶ್ಚಿಂತರಾಗುವುದಂತೂ ಇನ್ನೂ ತಮಾಷೆ. ಸಕ್ಕರೆ ಕಾಯಿಲೆ ಇದ್ದವರಲ್ಲೇ ಈ ಉಬ್ಬು ಕಡಿಮೆ ಎಂದು ಕಂಡುಬಂದಿದೆ.

ಸರ್ಕಾರ ಏನು ಮಾಡಬೇಕೆಂಬುದು ದೊಡ್ಡ ಮಾತು. 2018ರಲ್ಲಿ ಬಂದ ಆಯುಷ್ಮಾನ್ ಭಾರತ ಯೋಜನೆ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷದವರೆಗೆ ಕೊಡುವುದು ಆಸ್ಪತ್ರೆ ಸೇರಿದ ಮೇಲೆ. ಸೇರದಂತೆ ನೋಡಿಕೊಳ್ಳಲು ತಮ್ಮನಿಗೆ ಬೇಕಾದ ಹೊರರೋಗಿ ಸ್ಕ್ಯಾನು ಅದರಲ್ಲಿ ಬರುವುದಿಲ್ಲ. ಒಡೆದ ಮೇಲೆ ಲಕ್ಷ, ಒಡೆಯುವ ಮುಂಚೆ ಸೊನ್ನೆ. ಇರಲಿ, ದೆಹಲಿಯ ಕಿವಿಗೆ ಈ ಪುಟ್ಟ ಪತ್ರಿಕೆಯ ಕೂಗು ಮುಟ್ಟುವಾಗ ಮುಟ್ಟಲಿ.

ಸಂಘ ಮಾಡಬಹುದಾದದ್ದು ಮಾತ್ರ ಕೈಯಳತೆಯಲ್ಲೇ ಇದೆ. ಸ್ಕ್ಯಾನ್ ಯಂತ್ರವನ್ನು ಸಭಾಗೃಹಕ್ಕೆ ತರುವುದು ಸುಲಭವಲ್ಲ. ಭ್ರೂಣಲಿಂಗ ಪತ್ತೆಯನ್ನು ತಡೆಯುವ 1994ರ ಕಾಯಿದೆ ಆ ಯಂತ್ರಕ್ಕೆ ಬಿಗಿಯಾದ ಕಟ್ಟು ಹಾಕಿದೆ, ಹಾಕಬೇಕಾದದ್ದೇ. ಯಂತ್ರ ಬೇಡ. ಶಿಬಿರದ ಚೀಟಿಯಲ್ಲಿ ಒಂದು ಪ್ರಶ್ನೆ ಸೇರಿಸಿದರೆ ಸಾಕು. ಜೊತೆಗೆ ಒಂದು ಅಂಚೆಕಾರ್ಡಿನಷ್ಟು ಕಾಗದವನ್ನು ಕನ್ನಡದಲ್ಲಿ ಅಚ್ಚುಹಾಕಿಸಿ, ಈ ಕಾಯಿಲೆಯವರು ಯಾರೇ ಇದ್ದರೂ ಕೇಳಿದಷ್ಟು ಪ್ರತಿ ಕೊಡಬೇಕು. ಹೆಸರು ಬರೆದುಕೊಳ್ಳುವುದು ಬೇಡ, ರಿಜಿಸ್ಟರೂ ಬೇಡ. ಕಾಗದದ ಒಕ್ಕಣೆ ಹೀಗಿರಬಹುದು: “ನನಗೆ ಹೊಟ್ಟೆಯ ಮಹಾಧಮನಿ ಉಬ್ಬಿದ ಕಾಯಿಲೆ ಇದೆ. ಒಡಹುಟ್ಟಿದವರಿಗೂ ಮಕ್ಕಳಿಗೂ ಬರುವ ಸಂಭವ ಇತರರಿಗಿಂತ ಹೆಚ್ಚು. 50 ದಾಟಿದ್ದರೆ ಡಾಕ್ಟರರಿಗೆ ಈ ಕಾಗದ ತೋರಿಸಿ, ಖಾಲಿ ಹೊಟ್ಟೆಯಲ್ಲಿ ಅಲ್ಟ್ರಾಸೌಂಡ್ ಮಾಡಿಸಿ, ಅಯೋರ್ಟಾದ ಅಡ್ಡಳತೆಯನ್ನು ಮಿಲಿಮೀಟರಿನಲ್ಲಿ ಬರೆಸಿಕೊಳ್ಳಿ. ಬೀಡಿ ಸಿಗರೇಟು ಇಂದೇ ಬಿಡಿ.” ಕೆಳಗೆ ಸಹಿ. ಬೇಕಾದವರು ಅಂಚೆಗೆ ಹಾಕಲಿ, ಬೇಕಾದವರು ಗುಲಾಬಿ ಹೂವಿನ ಕೆಳಗೆ ವಾಟ್ಸಾಪಿನಲ್ಲಿ ಹಾಕಲಿ.

ಕಳೆದ ಕಾರ್ಯಕಾರಿ ಸಮಿತಿಯಲ್ಲಿ ಈ ಮಾತೆತ್ತಿದಾಗ, ಅಮಂಗಳದ ಕಾಗದವನ್ನು ಸಂಘದ ಹೆಸರಿನಲ್ಲಿ ಹಂಚುವುದು ಸರಿಯೇ ಎಂದು ಹಿರಿಯ ಸದಸ್ಯರೊಬ್ಬರು ಆಕ್ಷೇಪಿಸಿದರು. ಸಂಘದ ಹೆಸರು ತೆಗೆದುಹಾಕೋಣವೆಂದೆವು. ಅಚ್ಚಿನ ಖರ್ಚು ಯಾರದೆಂದು ಖಜಾಂಚಿಗಳು ಕೇಳಿದರು. ಮೊದಲ ಐನೂರು ಪ್ರತಿಗಳ ಹಣವನ್ನು ಆಗಲೇ ಅವರ ಕೈಗಿತ್ತು ರಶೀತಿ ಪಡೆದಿದ್ದೇವೆ. ಠರಾವಿನ ಕರಡು ಕಾರ್ಯದರ್ಶಿಗಳ ಬಳಿಯಿದೆ. ಮುಂಬರುವ ಸರ್ವಸಾಧಾರಣ ಸಭೆಯಲ್ಲಿ ಅದನ್ನು ನಾವು ಮಂಡಿಸಲಿದ್ದೇವೆ, ಅನುಮೋದಕರೊಬ್ಬರು ಬೇಕಾಗಿದ್ದಾರೆ.